ಖಾಲಿ ಹೊಟ್ಟೆಯ ಕೌದಿ ಮಾರುವುದಿಲ್ಲ

ಹತ್ತು ಕೌದಿಗಳು ಕಸದ ಚೀಲದಲ್ಲಿ ವಾಪಸು ಬಂದವು. ಮುಸುರೆ, ಸಿಪ್ಪೆ ತುಂಬಿ ಬೆಳಿಗ್ಗೆ ಬಾಗಿಲ ಹೊರಗಿಡುತ್ತೇವಲ್ಲ, ಆ ಕರಿಯ ಪ್ಲಾಸ್ಟಿಕ್ ಚೀಲ. ಬಾಯಿಗೆ ಎರಡು ಗಂಟು. ಕೊರಿಯರಿನವನು ಅದನ್ನು ಪುಣೆಯ ಧನಕವಡಿಯ ಕನ್ನಡ ಶಾಲೆಯ ಕಟ್ಟೆಯ ಮೇಲಿಟ್ಟು "ಮ್ಯಾಡಮ್, ಸಹೀ ಕರಾ" ಎಂದ. ಗೌರಾಬಾಯಿ ಸಹಿ ಮಾಡಿ, ಗಂಟು ಬಿಚ್ಚಿ ಒಳಗೆ ನೋಡಿದರು. ಐವತ್ತೇಳು ವರ್ಷದ ಬಾಳಿನಲ್ಲಿ ಅವರು ಬೈಗುಳ ತಿಂದದ್ದುಂಟು, ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿದದ್ದುಂಟು. ಆದರೆ ಮಕ್ಕಳ ಕೈಕೆಲಸವನ್ನು ಕಸದ ಚೀಲದಲ್ಲಿ ಹಾಕಿ ಕಳಿಸುವವರನ್ನು ಕಂಡದ್ದು ಇದೇ ಮೊದಲು. ಮೈಯೆಲ್ಲ ಉರಿದುಹೋಯಿತು.

ಕೌದಿ ಎಂದರೆ ಹೊದೆಯುವ ದೊಡ್ಡ ಕೌದಿಯಲ್ಲ. ಹಳೆಯ ಸೀರೆ, ದರ್ಜಿ ಅಂಗಡಿಯ ತುಂಡು ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ, ಕುರ್ಚಿಯ ಮೇಲೆ ಹಾಸಿಕೊಳ್ಳುವ ಪುಟ್ಟ ಕೌದಿ. ಮೊಳ ಉದ್ದ, ಮೊಳ ಅಗಲ. ಹೊಲಿದವರು ಎಂಟನೆಯ, ಒಂಬತ್ತನೆಯ ಇಯತ್ತೆಯ ಹದಿನೈದು ಮಕ್ಕಳು. ಅವರ ಅಪ್ಪ ಅವ್ವಂದಿರು ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುವವರು, ಗಾಡಿಯಲ್ಲಿ ತರಕಾರಿ ಮಾರುವವರು.

ಗೌರಾಬಾಯಿ ಆ ಶಾಲೆಯ ಕರಕುಶಲದ ಟೀಚರು. ಹತ್ತೊಂಬತ್ತು ವರ್ಷವಾದರೂ ಇನ್ನೂ 'ತಾತ್ಪೂರ್ತಿಕ', ಕಾಯಂ ಆಗಿಲ್ಲ. ಐಸ್‌ಕ್ರೀಮ್ ಕಡ್ಡಿಯಲ್ಲಿ ಮನೆ ಮಾಡಿಸಿ, ವರ್ಷದ ಕೊನೆಗೆ ಅದನ್ನು ಗುಡಿಸಿ ಎಸೆಯುವ ಆಟ ಅವರಿಗೆ ಎರಡು ವರ್ಷದ ಹಿಂದೆ ಸಾಕಾಗಿತ್ತು. ಮಾಡಿದ್ದನ್ನು ಯಾರಾದರೂ ದುಡ್ಡು ಕೊಟ್ಟು ಒಯ್ಯಬೇಕು, ಆಗ ಮಕ್ಕಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಎನ್ನುವುದು ಅವರ ನಂಬಿಕೆ. ಮೊದಲು ಹೂಬತ್ತಿ ಹೊಸೆಯಲು ಕಲಿಸಿದರು, ಆಮೇಲೆ ಶೇಂಗಾ ಚಟ್ನಿ. ಜೇಜುರಿಯ ಗುಡಿಗೆ ಹೊರಟ ಭಕ್ತರಿಗೆಂದು ಭಂಡಾರದ ಅರಿಶಿನ ತುಂಬುವ ಚೀಲ ಹೊಲಿಸಿ, ಮಕ್ಕಳೇ ನಿಂತು ಮಾರುವಂತೆ ಮಾಡಿದರು. ಮಾರಲು ಕಲಿಸಿದ ಪಾಠ ಎರಡೇ. "ಕೈ ಚಾಚಬ್ಯಾಡ್ರಿ, ಮಾಲು ಚಾಚ್ರಿ" ಎನ್ನುವುದು ಮೊದಲನೆಯದು. ಎರಡನೆಯದು, "ಮಾಲಿನ ಐಬು ಗಿರಾಕಿ ಹೇಳೂಕಿಂತ ಮೊದಲು ನೀವ ಹೇಳ್ರಿ. ಆಮ್ಯಾಲ ಯಾರೂ ನಿಮ್ಮ ತಲಿ ತಗ್ಗಿಸೂದು ಸಾಧ್ಯ ಇಲ್ಲ."

ಕೌದಿ ಕಲಿಸಿದ್ದು ಮಾತ್ರ ಗೌರಾಬಾಯಿ ಅಲ್ಲ, ಬೋರಮ್ಮ. ಎಂಟನೆಯ ಇಯತ್ತೆಯ ಅಂಬಾಳ ಅಜ್ಜಿ. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಮೊದಲ ಕೌದಿಯ ಕೊನೆಯ ಮೂಲೆಯನ್ನು ಅಂಬಾ ಮುಚ್ಚಲು ಹೊರಟಾಗ ಮುದುಕಿ ಅವಳ ಕೈಗೆ ಪಟ್ಟನೆ ಹೊಡೆದಿದ್ದಳು.

"ಏ ತಡಿ! ಅದರ ಹೊಟ್ಟಿ ತುಂಬದ ಬಾಯಿ ಹೊಲೀತೀಯೇನ?" ಎಂದವಳೇ ಸೆರಗಿನ ಗಂಟು ಬಿಚ್ಚಿ ಐದು ಕಾಳು ಜೋಳ ತೆಗೆದು ಬಟ್ಟೆಯ ಪದರದೊಳಗೆ ಹಾಕಿದಳು. "ಈಗ ಹೊಲಿ. ಹಸಕೊಂಡಿದ್ದು ಯಾರನ್ನ ಬೆಚ್ಚಗ ಇಡತದ?"

ಅದು ಅವರ ಕಡೆಯ ಪದ್ಧತಿ. ರೊಟ್ಟಿಯ ಚೂರೋ, ನಾಲ್ಕು ಕಾಳೋ ಹಾಕಿ ಹೊಟ್ಟೆ ತುಂಬಿಸದೆ ಕೌದಿಯ ಬಾಯಿ ಮುಚ್ಚುವುದಿಲ್ಲ. ಅಂದಿನಿಂದ ಮಕ್ಕಳು ಪ್ರತಿ ಕೌದಿಗೂ ಐದೈದು ಕಾಳು ಹಾಕಿದರು. ವಿಮಾನ ನಗರದ ಒಂದು ಸಾಫ್ಟ್‌ವೇರ್ ಕಂಪನಿ ರಾಜ್ಯೋತ್ಸವದ ದಿನ ತನ್ನ ಆಫೀಸಿನವರಿಗೆ ಮಾರಲೆಂದು ಅರವತ್ತು ಕೌದಿ ಕೇಳಿದಾಗಲೂ ಹಾಕಿದರು. ಹತ್ತನ್ನು ಮೊದಲೇ ಮಾದರಿಗೆಂದು ಕಳಿಸಿದ್ದರು. ಅವೇ ಈಗ ಕಸದ ಚೀಲದಲ್ಲಿ ಬಂದು ಕೂತಿದ್ದವು.

ಕಂಪನಿಯ ನಿಖಿತಾ ಎಂಬ ಹುಡುಗಿ ಫೋನು ಮಾಡಿದಳು. ಆರ್ಡರು ತಂದವಳೂ ಅವಳೇ, ಬೆಂಗಳೂರಿನವಳು.

"ಮೇಡಂ, ಸಾರಿ, ನಂಗೇ ತುಂಬಾ ಬೇಜಾರಾಗ್ತಿದೆ. ನಮ್ಮ ಅಡ್ಮಿನ್ ಹೆಡ್ ಮಹೇಶಕುಮಾರ್ ಸರ್ ಚೇರ್ ಮೇಲೆ ಒಂದು ಹಾಕಿದ್ವಲ್ಲ, ಅದ್ರಿಂದ ಹುಳ ಬಂತು. ಸರ್ ಕ್ಲೈಂಟ್ ಜೊತೆ ವಿಡಿಯೋ ಕಾಲ್‌ನಲ್ಲಿದ್ರು. ಹುಳ ಕಾಲರ್ ಮೇಲೆ ಹತ್ತಿಬಿಟ್ಟಿದೆ. ಕ್ಲೈಂಟೇ ನೋಡಿ ಹೇಳಿದ್ರಂತೆ."

ಗೌರಾಬಾಯಿಗೆ ನಗು ಬಂತು, ತಡೆದುಕೊಂಡರು. ನಿಖಿತಾ ಮುಂದೆ ಹೇಳಿದ್ದು ನಗುವ ಮಾತಾಗಿರಲಿಲ್ಲ. ಎಲ್ಲ ಕೌದಿಗಳನ್ನೂ ಬಿಚ್ಚಿ ಕಾಳು ತೆಗೆಯಬೇಕು. ಮಕ್ಕಳ ಕೈಯಿಂದ ಕ್ಷಮಾಪಣೆಯ ಪತ್ರ ಬರೆಸಬೇಕು. ಅದನ್ನು ನವೆಂಬರ್ ಒಂದರ ಕಾರ್ಯಕ್ರಮದಲ್ಲಿ ಮಹೇಶಕುಮಾರ್ ಅವರ ಕೈಗೆ ಕೊಡಬೇಕು.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ಇವರು ಒಂದು ನುಸಿಗೆ ಹತ್ತು ಕೌದಿ ಹೊರಗೆಸೆದು, ಹದಿನೈದು ಮಕ್ಕಳ ಕೈ ಜೋಡಿಸಲು ಹೊರಟಿದ್ದರು.

ಆದರೆ ತಪ್ಪು ಇದ್ದದ್ದು ನಿಜ, ಗೌರಾಬಾಯಿ ಅದನ್ನು ಆ ಕ್ಷಣವೇ ಕಂಡುಕೊಂಡರು. ಊರಲ್ಲಿ ಜೋಳದ ಚೀಲಕ್ಕೆ ಬೇವಿನ ಎಲೆ ಹಾಕದೆ ಯಾರೂ ಬಾಯಿ ಕಟ್ಟುವುದಿಲ್ಲ. ಕೌದಿಗೆ ಅದು ಬೇಕೆಂದು ಮಾತ್ರ ಬೋರಮ್ಮನಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ. ಊರಿನ ಕೌದಿ ದಿನಾ ಬಿಸಿಲು ಕಾಣುತ್ತದೆ, ಕೊಡವಿಸಿಕೊಳ್ಳುತ್ತದೆ. ನುಸಿಗೆ ಅಲ್ಲಿ ಪುರುಸೊತ್ತೇ ಸಿಗುವುದಿಲ್ಲ. ಇಲ್ಲಿಯೋ, ಮಳೆಗಾಲದ ತೇವ ಕುಡಿದು, ದಿನಕ್ಕೆ ಹತ್ತು ತಾಸು ಒಬ್ಬನೇ ಮನುಷ್ಯನ ಕೆಳಗೆ ಬೆಚ್ಚಗೆ ಕೂತ ಕಾಳಿಗೆ ನುಸಿ ಬೀಳದೆ ಇನ್ನೇನು ಬಿದ್ದೀತು?

ಸಂಜೆಗೆ ಶಾಲಾ ಕಮಿಟಿಯ ಅಧ್ಯಕ್ಷ ಮೋಹನದಾಸ್ ಬಂದರು. ಕುಂದಾಪುರದ ಕಡೆಯವರು, ಪುಣೆಯಲ್ಲಿ ಮೂರು ಹೋಟೆಲು. ಕೆಟ್ಟ ಮನುಷ್ಯರಲ್ಲ. ಮೇಜಿನ ಮೇಲೆ ಬಿದ್ದ ಅನ್ನವನ್ನು 'ಕಸ' ಎಂದ ಸಪ್ಲಾಯರನ್ನು ಮಧ್ಯಾಹ್ನದ ಗಡಿಬಿಡಿಯಲ್ಲೇ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದರೆಂಬ ಕಥೆ ಧನಕವಡಿಯ ಕನ್ನಡಿಗರಿಗೆಲ್ಲ ಗೊತ್ತು. ಆದರೆ ದೊಡ್ಡ ಕಂಪನಿಯೆಂದರೆ ಅವರಿಗೆ ಮೊಣಕಾಲು ತಾನಾಗಿ ಬಗ್ಗುತ್ತಿತ್ತು.

"ಎಂತ ಮಾರಾಯ್ರೆ ಇದು, ಗೌರಾಬಾಯಿಯವ್ರೇ? ಅವರು ಇಪ್ಪತ್ತು ಕಂಪ್ಯೂಟರ್ ಕೊಡ್ತೇವೆ ಅಂತ ಬಾಯಿ ಬಿಟ್ಟು ಹೇಳಿದ್ದಾರೆ. ನಾಲ್ಕು ಕಾಳಿನ ಸಲುವಾಗಿ ಅದು ಹೋಗಬೇಕಾ?"

"ನುಸಿ ಬಿದ್ದದ್ದು ನಮ್ಮ ತಪ್ಪರಿ. ಬೇವಿನ ಎಲಿ ಹಾಕಿ ಹೊಸದು ಹೊಲಿದು ಕೊಡ್ತೀವಿ. ಆದ್ರ ಹೊಟ್ಟಿ ಖಾಲಿ ಮಾಡೂದು, ಹುಡುಗರ ಕಡಿಂದ ಕೈ ಮುಗಿಸೂದು ಬ್ಯಾಡ್ರಿ."

"ನೀವು ಹೀಗೆ ಹಟ ಹಿಡಿದರೆ ನಾನು ಏನೂ ಮಾಡುವ ಹಾಗಿಲ್ಲ." ಮೋಹನದಾಸ್ ಹೊಲಿಗೆಯ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. "ಕಂಪ್ಯೂಟರಿಗೆ ಈ ಕೋಣೆ ಹೇಗೂ ಬೇಕಿತ್ತು. ಕಾಳು ತೆಗೆದು, ಪತ್ರ ಬರೆಸಿ ಕೊಟ್ಟರೆ ನಿಮಗೆ ಬೇರೆ ಕೋಣೆ ಕೊಡಿಸ್ತೇನೆ. ಇಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಈ ಕ್ಲಾಸೇ ಇಲ್ಲ. ಇಷ್ಟೇ ವಿಷಯ."

ಅವರು ಹೋದ ಮೇಲೆ ಗೌರಾಬಾಯಿ ಕಸದ ಚೀಲವನ್ನು ಹತ್ತಿರ ಎಳೆದುಕೊಂಡರು. ಹಟಕ್ಕೂ ಒಂದು ವಯಸ್ಸಿರುತ್ತದೆ. ತಮ್ಮ ಹಟಕ್ಕೆ ಈ ಮಕ್ಕಳ ಕ್ಲಾಸು ಹೋದರೆ? ಐದು ಕಾಳು ತಾನೆ? ಆ ಯೋಚನೆಯೇ ಅವರಿಗೆ ಅಸಹ್ಯವೆನಿಸಿತು. ಆದರೂ ಕತ್ತರಿ ತೆಗೆದುಕೊಂಡರು. ಒಂದು ಕೌದಿಯನ್ನು ಮಡಿಲಿಗೆ ಎಳೆದುಕೊಂಡು ಮೂಲೆಯ ದಾರ ಕತ್ತರಿಸಿದರು. ಐದು ಕಾಳು ಅಂಗೈಗೆ ಉದುರಿದವು.

"ಅಕ್ಕೋರ, ನೀವ ಬಿಚ್ಚಾಕತ್ತೀರಿ?"

ಬಾಗಿಲಲ್ಲಿ ಅಂಬಾ ನಿಂತಿದ್ದಳು. ದಾರದ ಉಂಡೆ ಮರೆತು ಹೋಗಿ ವಾಪಸು ಬಂದಿದ್ದಳು. ಗೌರಾಬಾಯಿಗೆ ಕಳ್ಳತನದಲ್ಲಿ ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳಿದರು: ಹುಳ, ಕಾಲರು, ಕಂಪ್ಯೂಟರು, ಕೋಣೆ, ಪತ್ರ.

ಅಂಬಾ ಕಸದ ಚೀಲವನ್ನು ನೋಡಿದಳು, ಅದರೊಳಗಿನ ಕೌದಿಗಳನ್ನು ನೋಡಿದಳು. ಅದರಲ್ಲೊಂದು ಅವಳ ಅಜ್ಜಿಯ ಹಳೆಯ ಇಳಕಲ್ ಸೀರೆಯದು, ಸೆರಗಿನ ಕೆಂಪು ಹಾಗೇ ಇತ್ತು. ಅದನ್ನು ಹೊರಗೆಳೆದು ಮಡಚಿ ಬೆಂಚಿನ ಮೇಲಿಟ್ಟಳು. ಆಮೇಲೆ ಗೌರಾಬಾಯಿಯ ಎದುರಿಗೆ ಕೂತು, ಬಾಯಿ ತೆರೆದ ಕೌದಿಯನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದಳು.

"ಕಾಳು ತಗೀರಿ ಅಂದಾರ. ಹೌದಲ್ರಿ?"

"ಹೌದವ್ವ."

"ತಗದು ಹೊಲೀರಿ ಅಂತ ಅಂದಾರೇನು?"

"ಅದನ್ನ ಬ್ಯಾರೆ ಹೇಳಬೇಕೇನ? ಹೊಲೀದ ಮಾರಾಕ ಬರತದೇನು?"

"ಬಿಚ್ಚೂಣ್ರಿ" ಎಂದಳು ಅಂಬಾ. "ಅರವತ್ತೂ ಬಿಚ್ಚೂಣು. ಬಿಸಿಲಿಗೆ ಹಾಕೂಣು. ಆದ್ರ ಬಾಯಿ ಮುಚ್ಚೂದು ಬ್ಯಾಡ. ಹಂಗ ಒಯ್ಯೂಣು. ತಾಟಿನ್ಯಾಗ ಜೋಳ ಇಡೂಣು, ಒಣಗಿದ ಬೇವಿನ ಎಲಿ ಇಡೂಣು. ಯಾರಿಗೆ ಬೇಕೋ ಅವರು ತಮ್ಮ ಕೈಲೆ ಹೊಟ್ಟಿ ತುಂಬಲಿ, ಅವರ ಮುಂದ ನಾವು ಹೊಲದು ಕೊಡೂಣು. ಆಮ್ಯಾಲ ಒಳಗ ಏನೈತಿ ಅಂತ ಯಾರೂ ಕೇಳಂಗಿಲ್ಲಲ್ರಿ? ಅವರ ಹಾಕಿರ್ತಾರ."

"ತುಂಬೂದಿಲ್ಲ ಅಂದವರಿಗೆ?"

"ಅವರಿಗೆ ಮಾರೂದಿಲ್ಲ."

ಗೌರಾಬಾಯಿ ಕತ್ತರಿ ಕೆಳಗಿಟ್ಟರು. ಹತ್ತೊಂಬತ್ತು ವರ್ಷ ಪಾಠ ಮಾಡಿದವರಿಗೆ ಒಮ್ಮೊಮ್ಮೆ ಇಂಥ ಫಲ ಸಿಗುತ್ತದೆ, ಅಷ್ಟೂ ವರ್ಷದ ಸಂಬಳ ಅದರ ಮುಂದೆ ಚಿಲ್ಲರೆ. ಕಣ್ಣು ತುಂಬಿ ಬಂತು. ಕನ್ನಡಕ ಒರೆಸಿಕೊಳ್ಳುತ್ತ ಬೇಕೆಂದೇ ಗಡಸಾಗಿ ಕೇಳಿದರು, "ಮತ್ತ ಪತ್ರ?"

"ಪತ್ರ ನಾ ಬರೀತೀನ್ರಿ. ಐಬು ನಾವ ಹೇಳಬೇಕು ಅಂತ ನೀವ ಕಲಿಸೀರಿ."

ನವೆಂಬರ್ ಒಂದರಂದು ವಿಮಾನ ನಗರದ ಆ ಗಾಜಿನ ಕಟ್ಟಡದ ಊಟದ ಹಾಲಿನಲ್ಲಿ ಹಳದಿ ಕೆಂಪು ಬಾವುಟಗಳು, ಸೆಲ್ಫಿ ತೆಗೆಸಿಕೊಳ್ಳಲು ಹೂವಿನ ಚೌಕಟ್ಟು, ಮೈಕಿನಲ್ಲಿ ಭಾವಗೀತೆ. ಊಟ ಮೋಹನದಾಸ್ ಹೋಟೆಲಿನದು. ಮೂಲೆಯಲ್ಲಿ ಮಕ್ಕಳಿಗೊಂದು ಉದ್ದನೆಯ ಮೇಜು. ಅದರ ಮೇಲೆ ಅರವತ್ತು ಕೌದಿ, ಒಂದು ಸ್ಟೀಲಿನ ತಾಟಿನಲ್ಲಿ ಬಿಳಿ ಜೋಳ, ಇನ್ನೊಂದರಲ್ಲಿ ಒಣಗಿದ ಬೇವಿನ ಎಲೆ. ಹಿಂದೆ ಸಾಲಾಗಿ ಹದಿನೈದು ಮಕ್ಕಳು, ಎಲ್ಲರ ಕೈಯಲ್ಲೂ ದಾರ ಪೋಣಿಸಿದ ಸೂಜಿ. ಮುಂದೆ ಅಂಬಾಳ ದುಂಡನೆಯ ಅಕ್ಷರದಲ್ಲಿ ಒಂದು ರಟ್ಟು: 'ಇದರ ಹೊಟ್ಟೆ ಖಾಲಿ ಇದೆ. ನೀವು ತುಂಬಿರಿ, ನಾವು ಹೊಲಿಯುತ್ತೇವೆ.' ಕೆಳಗೆ ಅದೇ ಮಾತು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ.

ಮೊದಲು ಬಂದವರೇ ಮಹೇಶಕುಮಾರ್. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ತಾಟು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದರು, ನುಸಿ ಅವರನ್ನೇ ಹುಡುಕಿಕೊಂಡು ಬಂದಿದೆಯೇನೋ ಎಂಬಂತೆ.

"ಏನ್ರೀ ಇದು, ಮತ್ತೆ ಅದೇ ಗಲೀಜು? ಕಾಳು ತೆಗೆದು ಕ್ಲೀನಾಗಿ ತನ್ನಿ ಅಂತ ಹೇಳಿರ್ಲಿಲ್ವಾ?"

ಗೌರಾಬಾಯಿ ಬಾಯಿ ತೆರೆಯುವ ಮೊದಲೇ ಅಂಬಾ ಹೇಳಿದಳು, "ತಗದೇವ್ರಿ ಸರ. ಅರವತ್ತೂ ಬಿಚ್ಚೇವಿ. ನಾಕು ದಿನ ಬಿಸಿಲಿಗೆ ಹಾಕೇವಿ. ನೀವು ಹೇಳಿದ್ದು ಪೂರಾ ಮಾಡೇವಿ."

"ಹಾಗಾದ್ರೆ ಹೀಗೇ ಖಾಲಿ ಹೊಲಿದು ಕೊಡಿ. ಮುಗೀತಲ್ಲ?"

"ಖಾಲಿ ಹೊಟ್ಟೀದು ಮಾರೂದಿಲ್ರಿ."

ಮಾತು ಮೆಲ್ಲಗಿತ್ತು, ಆದರೆ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಮಹೇಶಕುಮಾರ್ ಗೌರಾಬಾಯಿಯನ್ನು ನೋಡಿದರು. ಗೌರಾಬಾಯಿ ಬೇವಿನ ಎಲೆಗಳನ್ನು ತಾಟಿನಲ್ಲಿ ಓರಣ ಮಾಡುತ್ತಿದ್ದರು. ಹುಡುಗಿಯ ಮಾತಿನ ನಡುವೆ ಬಾಯಿ ಹಾಕಬಾರದೆಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು.

"ಅಪಾಲಜಿ ಲೆಟರ್ ಎಲ್ಲಿ?" ಎಂದರು ಮಹೇಶಕುಮಾರ್.

ಅಂಬಾ ಪಾಟಿಚೀಲದಿಂದ ಒಂದು ಹಾಳೆ ತೆಗೆದು ಎರಡೂ ಕೈಯಿಂದ ಕೊಟ್ಟಳು. ಕೈಬರಹದ ಕನ್ನಡ ಓದಿ ರೂಢಿಯಿರದ ಅವರು ಒಂದೆರಡು ಸಾಲು ತಡವರಿಸಿ, ಹಾಳೆಯನ್ನು ನಿಖಿತಾಳ ಕಡೆ ಚಾಚಿದರು. "ಎಲ್ಲರಿಗೂ ಕೇಳೋ ಹಾಗೆ ಓದಿ."

ನಿಖಿತಾ ಓದಿದಳು. ಮೊದಲ ಸಾಲುಗಳಲ್ಲಿ ಅವಳ ದನಿ ತೆಳ್ಳಗಿತ್ತು, ಹೋಗುತ್ತ ಹೋಗುತ್ತ ಗಟ್ಟಿಯಾಯಿತು.

"ಮಾನ್ಯರೇ, ನಾವು ಕೊಟ್ಟ ಕೌದಿಯಲ್ಲಿ ನುಸಿ ಬಿತ್ತು. ಬೇವಿನ ಎಲೆ ಹಾಕದೆ ಇದ್ದದ್ದು ನಮ್ಮ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇವೆ. ಜೋಳ ಹಾಕಿದ್ದು ತಪ್ಪಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಮ್ಮ ಕೌದಿಗಳನ್ನು ಕಸದ ಚೀಲದಲ್ಲಿ ಕಳಿಸಿದ್ದು ನಿಮ್ಮ ತಪ್ಪು. ಅದಕ್ಕೆ ನೀವು ಕ್ಷಮೆ ಕೇಳಿದರೆ ನಾವು ಬೇಡ ಅನ್ನುವುದಿಲ್ಲ. ಇಂತಿ, ಹದಿನೈದು ವಿದ್ಯಾರ್ಥಿಗಳು."

ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ಮಹೇಶಕುಮಾರ್ ಕೆಂಪಾದರು. ಊಟದ ಮೇಜುಗಳ ಬಳಿ ಪಾಯಸದ ಪಾತ್ರೆ ನೋಡಿಕೊಳ್ಳುತ್ತಿದ್ದ ಮೋಹನದಾಸ್ ಅವರನ್ನು ಕೈಮಾಡಿ ಕರೆದರು.

"ಸರ್, ಸ್ಕೂಲ್ ಛೇರ್ಮನ್ ನೀವೇ ಅಲ್ವಾ? ಈ ಕಾಳು ಕಸ ಎಲ್ಲ ಟೇಬಲ್ ಮೇಲಿಂದ ತೆಗೆಸ್ತೀರೋ, ಇಲ್ಲಾ ಕಂಪ್ಯೂಟರ್ ವಿಷಯ ನಾವು ಮತ್ತೆ ಯೋಚ್ನೆ ಮಾಡ್ಬೇಕೋ? ನೀವೇ ಹೇಳಿ."

ಮುಗಿಯಿತು, ಈಗ ನಮ್ಮ ಅಧ್ಯಕ್ಷ ಕೈ ಜೋಡಿಸುತ್ತಾನೆ, ಮಕ್ಕಳ ಮುಂದೆಯೇ ತಾಟು ಎತ್ತಿಸುತ್ತಾನೆ ಎಂದುಕೊಂಡರು ಗೌರಾಬಾಯಿ. ತಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದರು. ಎತ್ತುವುದಾದರೆ ತಮ್ಮ ಕೈ ಬಿಡಿಸಿ ಎತ್ತಲಿ.

ಮೋಹನದಾಸ್ ಮೇಜಿನ ಹತ್ತಿರ ಬಂದರು. ತಾಟನ್ನೇ ನೋಡುತ್ತಿದ್ದರು.

"ಕಸ ಅಂದ್ರಾ?" ಎಂದು ಕೇಳಿದರು.

"ಸರ್, ಐ ಮೀನ್..."

"ಅಲ್ಲ, ಏನು ಅಂದ್ರಿ ನೀವು? ಅನ್ನ ಅಲ್ಲವಾ ಅದು?" ಹೋಟೆಲಿನ ಗಲ್ಲೆಯಿಂದ ಅಡುಗೆಮನೆಯವರೆಗೆ ಕೇಳಿಸುವ ದನಿ ಅದು. "ನಾಲ್ವತ್ತು ವರ್ಷ ಆಯ್ತು ಮಾರಾಯ್ರೆ, ಅದನ್ನೇ ಬೇಯಿಸಿ ಮಾರಿ ನಾನು ಈ ಊರಲ್ಲಿ ಮನೆ ಕಟ್ಟಿದ್ದು. ನೀವು ಈಗ ಉಂಡದ್ದೂ ಅದೇ. ಹೊಟ್ಟೆಯ ಒಳಗೆ ಹೋದರೆ ಊಟ, ಈ ಮಕ್ಕಳ ಕೈಯಲ್ಲಿದ್ದರೆ ಕಸವಾ?"

ಪಾಯಸ ಮೆತ್ತಿದ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು, ಮೇಜಿನ ಮೇಲಿನ ಒಂದು ಕೌದಿ ಆರಿಸಿಕೊಂಡರು. ಐದು ಕಾಳು, ಒಂದು ಎಲೆ ಎಣಿಸಿದಂತೆ ತೆಗೆದು ಅದರ ಬಾಯಿಗೆ ಹಾಕಿ ಅಂಬಾಳ ಮುಂದೆ ಹಿಡಿದರು. "ನಂದು ಮೊದಲು ಹೊಲಿ ಮಗಾ."

ಅಂಬಾ ಹೊಲಿದಳು. ಅವಳ ಸೂಜಿ ಏಳುತ್ತ ಬೀಳುತ್ತ ಹೋಗುವಷ್ಟರಲ್ಲಿ ನಿಖಿತಾ ಒಂದು ಕೈಗೆತ್ತಿಕೊಂಡಿದ್ದಳು. ಅವಳ ಹಿಂದೆ ಸಿಳ್ಳೆ ಹಾಕಿದವನು, ಅವನ ಹಿಂದೆ ನಾಲ್ವರು, ಆಮೇಲೆ ಸಾಲು ಸೆಲ್ಫಿಯ ಚೌಕಟ್ಟನ್ನೂ ದಾಟಿತು. ಕನ್ನಡ ಬರದ ಮರಾಠಿ ಹುಡುಗಿಯೊಬ್ಬಳು ಕಾಳು ಹಾಕುವಾಗ ಕಣ್ಣು ಮುಚ್ಚಿ ಏನೋ ಗೊಣಗಿಕೊಂಡಳು. ಹದಿನೈದು ಸೂಜಿಗಳಿಗೂ ಬಿಡುವಿರಲಿಲ್ಲ. ಯಾರಾದರೂ ಬೆಲೆ ಕೇಳಿದರೆ ಮಕ್ಕಳು ಒಮ್ಮೆ ಹೇಳುತ್ತಿದ್ದರು, ಚೌಕಾಸಿಗೆ ಎರಡನೆಯ ಬೆಲೆ ಹೇಳುತ್ತಿರಲಿಲ್ಲ.

ಜನ ಕರಗಿದ ಮೇಲೆ ಮೋಹನದಾಸ್ ತಮ್ಮ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೌರಾಬಾಯಿಯ ಹತ್ತಿರ ಬಂದರು. ಸಿಟ್ಟು ಇಳಿದು ಲೆಕ್ಕ ನೆನಪಾಗಿತ್ತು.

"ಕಂಪ್ಯೂಟರ್ ಬರುವುದು ಡೌಟು. ಕಮಿಟಿಯವರು ನನ್ನನ್ನು ಬಿಡ್ತಾರಾ? ಕೋಣೆಯದ್ದೂ ನಾನು ಗ್ಯಾರಂಟಿ ಹೇಳುವುದಿಲ್ಲ, ಗೌರಾಬಾಯಿಯವ್ರೇ."

"ಕೋಣಿ ನಿಮ್ಮದು, ಇಟಗೋರಿ" ಎಂದರು ಗೌರಾಬಾಯಿ. "ಕ್ಲಾಸಿಗೆ ನಾವು ಕಟ್ಟೀ ಮ್ಯಾಲ ಕೂಡತೀವಿ. ಸೂಜಿ ನಮ್ಮವು."

ಮೋಹನದಾಸ್ ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. ಹೋಗುವಾಗ ಮಕ್ಕಳಿಗೆಲ್ಲ ಊಟ ಬಡಿಸಿರೆಂದು ತಮ್ಮ ಹುಡುಗರಿಗೆ ಕೂಗಿ ಹೇಳಿ ಹೋದರು.

ಮೇಜಿನ ಮೇಲೆ ಒಂದೇ ಒಂದು ಕೌದಿ ಉಳಿದಿತ್ತು, ಬೋರಮ್ಮನ ಇಳಕಲ್ ಸೀರೆಯದು. ಇನ್ನೇನು ಸಾಮಾನಿನ ಗಂಟು ಕಟ್ಟಬೇಕು, ಆಗ ಆಫೀಸಿನ ಜವಾನ ಒಂದು ಐನೂರರ ನೋಟು ಹಿಡಿದು ಬಂದ. ಮಹೇಶಕುಮಾರ್ ಸಾಹೇಬರಿಗೆ ಆ ಕೌದಿ ಬೇಕಂತೆ, ಹಾಗೇ ಖಾಲಿ ಹೊಲಿದು ಕೊಡಬೇಕಂತೆ, ಚಿಲ್ಲರೆ ಬೇಡವಂತೆ. ಅಂಬಾ ನೋಟನ್ನು ಮುಟ್ಟಲಿಲ್ಲ. "ಸಾಹೇಬಾಂನಾ ಸಾಂಗಾ, ಸ್ವತಃ ಯಾ" ಎಂದು, ಸಾಹೇಬರೇ ಖುದ್ದಾಗಿ ಬರಲಿ ಎಂದು ಅವನಿಗೆ ಮರಾಠಿಯಲ್ಲಿ ಹೇಳಿ, ಜೋಳದ ತಾಟನ್ನು ಮೇಜಿನ ಅಂಚಿಗೆ ಸರಿಸಿ ಕಾದಳು. ಲಿಫ್ಟಿನ ಬಳಿ ಮಹೇಶಕುಮಾರ್ ನಿಂತಿದ್ದರು. ಒಂದು ಗಳಿಗೆ ಈ ಕಡೆ ನೋಡಿದರು. ಬಾಗಿಲು ತೆರೆಯಿತು, ಅವರು ಒಳಗೆ ಹೋದರು.

ಮಕ್ಕಳು ಬಸ್ಸಿನಲ್ಲಿ ಧನಕವಡಿಗೆ ಮರಳಿದಾಗ ಬೋರಮ್ಮ ಶಾಲೆಯ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಮೊಮ್ಮಗಳ ಕೈಯಲ್ಲಿ ತನ್ನ ಸೀರೆಯ ಕೆಂಪು ಕಂಡು ಅವಳ ಮುಖ ಸಣ್ಣದಾಯಿತು.

"ಯಾಕ, ನಂದೊಂದ ಉಳೀತೇನ? ಗಿರಾಕಿ ಬರಲಿಲ್ಲ?"

"ಬಂದಿದ್ದ ಆಯಿ" ಎಂದಳು ಅಂಬಾ. "ನಾ ಕೊಡಲಿಲ್ಲ."